ದೋಯ್ನಾ ಅವರಿಗೆ, ಬ್ಯಾಟರಿಯ ವಿಷಯವಾಗಿ

ದೋಯ್ನಾ,
ನಿಮ್ಮ ದೀಪ ತಯಾರಾಗಿ ಇಂದಿಗೆ ಇಪ್ಪತ್ತಾರು ದಿನ.
ಅಲ್ಯೂಮಿನಿಯಂ ಗೂಡನ್ನು ನಾನೇ ಕಡೆದೆ,
ಬೆಸುಗೆಯ ಹೊಗೆಗೆ ಕೆಮ್ಮಿದೆ,
ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ ರಾತ್ರಿಯಿಡೀ ಉರಿಸಿದೆ.
ಬೆಳಿಗ್ಗೆ ನೋಡಿದರೆ ಬಕೆಟ್ಟು ಇನ್ನೂ ಬೆಳಗುತ್ತಿತ್ತು.
ಆಮೇಲೆ ಅಂಚೆಗೆ ಕೊಟ್ಟೆ.

ಲಿಥಿಯಂ ಇದ್ದರೆ ವಿಮಾನ ಹತ್ತುವಂತಿಲ್ಲ
ಅಂದಳು ಕಿಟಕಿಯಾಚೆಯ ಹುಡುಗಿ.
ದೀಪ ಬೇರೆ, ಬ್ಯಾಟರಿ ಬೇರೆ, ಎರಡು ಪೆಟ್ಟಿಗೆ ಮಾಡಿದೆ.
ಲಾರಿ ಹತ್ತಿದ ಬ್ಯಾಟರಿ ಆರೇ ದಿನಕ್ಕೆ ನಿಮ್ಮ ಮನೆ ಸೇರಿತಂತೆ.
ವಿಮಾನ ಹತ್ತಿದ ದೀಪ
ಬುಡಾಪೆಸ್ಟಿನ ಗೋದಾಮಿನಲ್ಲಿ 'ವಿಂಗಡಣೆಯಲ್ಲಿದೆ',
ಹದಿನೇಳು ದಿನದಿಂದ ಅದೇ ಒಂದು ಸಾಲು.
ಕಡಲೆ ಅಲ್ಲಿ, ಹಲ್ಲು ಎಲ್ಲೋ.
ನಮ್ಮ ತ್ಸೆರ್ಕ್ನಿತ್ಸಾದ ಸರೋವರ ಬೇಸಿಗೆಗೆ ನೆಲದೊಳಗೆ ಇಳಿದುಹೋಗುತ್ತದೆ,
ಶರತ್ಕಾಲಕ್ಕೆ, ಹೇಳದೆ ಕೇಳದೆ, ಮರಳುತ್ತದೆ.
ಅದಕ್ಕಿರುವ ಶಿಸ್ತು ಅಂಚೆಗಿಲ್ಲ.

ನಾನು ಕಾಯಬಲ್ಲೆ, ಎಣಿಕೆಯ ದಿನ ಕಾಯುವುದಿಲ್ಲ
ಎಂದು ಬರೆದಿದ್ದೀರಿ.
ಜನವರಿಯ ಕೊನೆಯ ಶನಿವಾರ,
ಗವಿಯ ಮಾಡಿಗೆ ತಲೆಕೆಳಗಾಗಿ ತೂಗುವ ಬಾವಲಿಗಳು.
ಅದಕ್ಕೇ ಒಂಬತ್ತು ವರ್ಷದ ಹಿಂದಿನ ನನ್ನ ದೀಪವನ್ನೇ ಹೊರತೆಗೆದಿರಿ.
ಅದೋ, ಮಿಣುಕುತ್ತಿದೆ.

ಸರಿ. ಅಡುಗೆಮನೆಯ ಮೇಜಿಗೆ ಬನ್ನಿ.
ಬಿಳಿ ಬಟ್ಟೆ ಹಾಸಿ, ಸ್ಪ್ರಿಂಗ್ ಹಾರಿಬಿದ್ದರೆ ಸಿಗಬೇಕಲ್ಲ.
ಮುಚ್ಚಳ ಎಡಕ್ಕೆ ತಿರುಗಿಸಿ. ತಿರುಗದಿದ್ದರೆ
ಬೈಯಬೇಡಿ, ಸುಣ್ಣದ ಕೆಸರು ಕೂತಿರುತ್ತದೆ,
ಹಳೆಯ ಹಲ್ಲುಜ್ಜುವ ಬ್ರಷ್ಷು, ನಾಲ್ಕು ಹನಿ ವಿನಿಗರ್.
ಮೀಟರಿನಲ್ಲಿ ನಾಲ್ಕು ಪಾಯಿಂಟ್ ಎರಡು ತೋರಿದರೆ
ಬ್ಯಾಟರಿಗೆ ಹೊಟ್ಟೆ ತುಂಬಿದೆ.
ಎರಡೂವರೆಗಿಂತ ಕೆಳಗಿದ್ದರೆ
ಎಬ್ಬಿಸಲು ಹೋಗಬೇಡಿ.
ಕೆಲವು ನಿದ್ದೆಗಳನ್ನು ಎಬ್ಬಿಸಬಾರದು,
ನಿಮಗೆ ನಾನು ಹೇಳಬೇಕೆ.

ಅಳತೆ ಸರಿಯಿದ್ದೂ ಮಿಣುಕಿದರೆ,
ಯಾವಾಗ? ನಡೆಯುವಾಗಲೋ, ನಿಂತಾಗಲೋ?
ಜನ 'ಕೆಟ್ಟಿದೆ' ಎಂದಷ್ಟೇ ಬರೆಯುತ್ತಾರೆ,
ಮಗು ಅಳುತ್ತಿದೆ ಅಂದಹಾಗೆ.

*

'ಬಲಕ್ಕೆ ತಿರುಗಿದಾಗ ಮಾತ್ರ.'

ಬಲಕ್ಕೆ ಮಾತ್ರ!
ಕುರ್ಚಿಯಿಂದ ಎದ್ದೆ. ಹಳೆಯ ವಹಿ ತೆಗೆದೆ.
ನಿಮ್ಮದು ನಲವತ್ತೊಂದನೆಯ ದೀಪ. ಪಕ್ಕದಲ್ಲಿ ಪೆನ್ಸಿಲಿನಲ್ಲಿ
ನನ್ನದೇ ಅಕ್ಷರ: ಕಪ್ಪು ತಂತಿ ತುಸು ಗಿಡ್ಡ. ನಡೆಯುತ್ತದೆ.
ನಡೆಯಿತು, ಒಂಬತ್ತು ವರ್ಷ.
ಈಗ ದಪ್ಪ ಕೋಟಿನ ಕಾಲರು ಹಿಂದಿನ ಡಬ್ಬಿಯನ್ನು ನೂಕಿದೊಡನೆ
ತಂತಿ ಬೆಸುಗೆಯನ್ನು ಜಗ್ಗುತ್ತದೆ.
ಮೂರು ರಾತ್ರಿ ನೀವು ಪಾಪದ ಬ್ಯಾಟರಿಯನ್ನು ಅನುಮಾನಿಸಿದಿರಿ,
ನಾನು ಅನುಮಾನಿಸಲು ಹೇಳಿಕೊಟ್ಟೆ.
ದೀಪದ ಬುಡ ಕತ್ತಲೆ ಅನ್ನುತ್ತಾರೆ.
ಈ ದೀಪದ ಬುಡದಲ್ಲಿದ್ದದ್ದು ನಿಮ್ಮ ತಲೆ,
ಕತ್ತಲೆ ನನ್ನದು.

ಎಡಕ್ಕೆ ಮಾತ್ರ ತಿರುಗಿ ಎಣಿಸಿ
ಎಂದು ಬರೆಯಲು ನಾಚಿಕೆಯಾಯಿತು.
ಬರೆದೆ.

*

ಇನ್ನೂರ ಹದಿಮೂರು ಎಂದು ತಿಳಿಸಿದ್ದೀರಿ,
ಹೋದ ಸಲಕ್ಕಿಂತ ಹನ್ನೊಂದು ಕಡಿಮೆ.
'ಬಲಗೋಡೆಯವನ್ನು ಹೊರಬರುವಾಗ ಎಣಿಸಿದೆ,
ಆಗ ಅದು ಎಡಗೋಡೆ.'
ಇದನ್ನು ಓದಿ ಒಬ್ಬನೇ ನಕ್ಕೆ, ಬಹಳ ಹೊತ್ತು.
ಆಮೇಲೆ ಆ ಹನ್ನೊಂದು ನೆನಪಾಯಿತು.
ಕಡಿಮೆಯಾದದ್ದು ಬಾವಲಿಯೋ, ಬೆಳಕೋ
ಎಂದು ನೀವು ಕೇಳಿಲ್ಲ.

ಇವತ್ತು ಬೆಳಿಗ್ಗೆ ಆ ಒಂದು ಸಾಲು ಬದಲಾಗಿದೆ:
ಪೆಟ್ಟಿಗೆ ಒರಾಡಿಯಾ ತಲುಪಿದೆ, ನಾಳೆಯೋ ನಾಡಿದ್ದೋ ಬರುತ್ತದೆ.
ವಹಿಯಲ್ಲಿ ಹೊಸ ದೀಪದ ಎದುರು
ಒಂದೇ ಮಾತು ಬರೆದಿದ್ದೇನೆ: ಸರಿ.
ತಂತಿಯ ಅಳತೆ ಬರೆದಿಲ್ಲ.
ಬಂದ ಕೂಡಲೇ ಹೆಲ್ಮೆಟ್ಟಿಗೆ ಕಟ್ಟಿ,
ಅದೇ ದಪ್ಪ ಕೋಟು ತೊಟ್ಟು,
ಅಡುಗೆಮನೆಯಲ್ಲೇ, ಒಲೆಯ ಪಕ್ಕ ನಿಂತು,
ಒಮ್ಮೆ ಬಲಕ್ಕೆ ತಿರುಗಿ.

ಬೋಗೊಮಿಲ್